ಸೋರುವ ವಾಲ್ವಿನ ಬೀದಿಗೆ ಹೋಗಿಬಂದದ್ದು

ಧರ್ಮಪುರಿ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಸೇಲಂ ಬಸ್ಸು ಹಿಡಿದೆ. ಅದಿಯಮಾನ್‌ಕೋಟೆ ದಾಟುವಾಗ ನಮ್ಮೂರಿಗೆ ತಿರುಗುವ ರಸ್ತೆಯನ್ನು ಅಭ್ಯಾಸಬಲದಿಂದ ನೋಡಿದೆ. ತೊಪ್ಪೂರು ಘಾಟಿಯಲ್ಲಿ ಲಾರಿಗಳು ಸಾಲುಗಟ್ಟಿ ತೆವಳುತ್ತಿದ್ದವು. ಸೇಲಂ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೆ ಹತ್ತಿತ್ತು. ನಿಲ್ದಾಣದ ಹೊರಗೆ ಎರಡು ಇಡ್ಲಿ ತಿಂದು ಬೆಟ್ಟದ ಬಸ್ಸಿಗೆ ಕಾದೆ.

ಬೆಟ್ಟದ ಮೇಲಿನ ಆ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ. ಅಲ್ಲಿ ನಮ್ಮ ಚಿಕ್ಕಮ್ಮ ತಾಯಮ್ಮ ಇದ್ದಾಳೆ. ಮದುವೆಯಾಗಿ ಕಾಫಿ ತೋಟದ ಕೂಲಿ ಮನೆಗೆ ಹೋದವಳು. ತೋಟ ಮಾರಾಟವಾಗಿ ಪ್ಲಾಟುಗಳಾಗಿದೆ. ಕೂಲಿಯವರ ಸಾಲುಮನೆಗಳು ಮಾತ್ರ ಉಳಿದಿವೆ. ಹಿಂದಿನ ವಾರ ಅವಳ ಫೋನು ಬಂದಿತ್ತು. "ನೀರಿನ ಲೈನು ಉದ್ದ ಮಾಡ್ತಾರಂತೆ ಕಣೇ ಮಂಜು. ಬುಧವಾರ ಮೀಟಿಂಗ್ ಐತೆ. ಗ್ವಾಡೆ ಮ್ಯಾಲೆ ಮ್ಯಾಪು ಅಂಟಿಸವ್ರೆ. ನಮ್ ಬೀದಿ ಎಲ್ಲೈತೆ ಅಂತ ಒಬ್ರಿಗೂ ತಿಳೀವಲ್ದು. ನೀನು ಅದನ್ನೇ ಅಲ್ವಾ ಓದಿದ್ದು? ಬಾ."

ಹೌದು, ಅದನ್ನೇ ಓದಿದ್ದು. ಭೂಗೋಳದಲ್ಲಿ ಬಿ.ಎಸ್ಸಿ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ. ಕಾಲೇಜಿಗೆ ಸೇರಿದಾಗ ನಮ್ಮಪ್ಪ, "ಮ್ಯಾಪ್ ಓದೋದು ಕಲ್ತು ಏನ್ ಮಾಡ್ತೀಯಾ, ಲಾರಿ ಓಡಿಸ್ತೀಯಾ?" ಎಂದಿದ್ದ. ಚಿಕ್ಕಮ್ಮನ ಫೋನು ಇಟ್ಟ ಮೇಲೆ ಅವನಿಗೆ ಹೇಳಿದೆ, "ನೋಡು, ಕೆಲಸಕ್ಕೆ ಬಂತು."

ಬಸ್ಸು ತಿರುವಿನ ಮೇಲೆ ತಿರುವು ಹತ್ತಿತು. ಹಿಂದಿನಿಂದ ಹಾರನ್ ಹೊಡೆಯುತ್ತಿದ್ದ ಕಾರುಗಳಲ್ಲಿ ಅರ್ಧದಷ್ಟು ಕರ್ನಾಟಕದ ನಂಬರಿನವು. ಇದನ್ನು ಓದುತ್ತಿರುವವರಲ್ಲೂ ಕೆಲವರು ಅಲ್ಲಿಗೆ ಬಂದು ಹೋಗಿರಬಹುದು. ಪ್ರತಿ ತಿರುವಿನಲ್ಲೂ ಪ್ಲಾಟು ಮಾರುವ ಬೋರ್ಡು. ಎಲ್ಲದರಲ್ಲೂ ಮಂಜು, ಮರ, ಬಿಳಿ ಮನೆ, ಕೆಳಗೆ ದಪ್ಪಕ್ಷರದಲ್ಲಿ ಕುಡಿಯುವ ನೀರಿನ ಭರವಸೆ.

ಮೇಲೆ ಗಾಳಿ ತಂಪಾಗಿತ್ತು, ನೆಲ ಒಣಗಿತ್ತು. ಚಿಕ್ಕಮ್ಮ ರಾಗಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಉಂಡ ಮೇಲೆ ಕೈ ತೊಳೆಯಲು ಹಿತ್ತಲಿಗೆ ಕರೆದೊಯ್ದು, ಚೊಂಬನ್ನು ತನ್ನ ಕೈಯಲ್ಲೇ ಹಿಡಿದು ನನ್ನ ಬೆರಳ ಮೇಲಷ್ಟೇ ಬೀಳುವಂತೆ ಸುರಿದಳು. ಆ ನೀರು ಬಾಳೆಯ ಬುಡಕ್ಕೆ ಹೋಯಿತು.

"ಲೈನು ಇಲ್ಲದೆ ನೀರಿಗೆ ಏನು ಮಾಡ್ತೀರಿ?" ಎಂದೆ.

"ಬಾ, ತೋರಿಸ್ತೀನಿ."

ಬೀದಿಯ ತುದಿಯಲ್ಲಿ, ರಸ್ತೆಯ ಅಂಚಿಗೆ, ಸೊಂಟದೆತ್ತರದ ಇಟ್ಟಿಗೆ ಗೂಡು. ಒಳಗೆ ಕಬ್ಬಿಣದ ವಾಲ್ವು. ಕೆಳಗಿನ ಕೆರೆಯಿಂದ ಬೆಟ್ಟದ ನೆತ್ತಿಯ ಟ್ಯಾಂಕಿಗೆ ಮೋಟಾರು ನೀರು ತಳ್ಳುವ ದಪ್ಪ ಪೈಪು ಈ ಬೀದಿಯ ನೆಲದಡಿಯಲ್ಲೇ ಹೋಗುತ್ತದೆ. ಪೈಪಿನೊಳಗೆ ಸಿಕ್ಕ ಗಾಳಿಯನ್ನು ಹೊರಗೆ ಬಿಡುವ ವಾಲ್ವು ಅದು. ಹಳೆಯದಾಗಿ ಸೋರುತ್ತದೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೋಟಾರು ಓಡುವಾಗ ಅದರ ಕತ್ತಿನಿಂದ ಸಣ್ಣ ಧಾರೆ ಬೀಳುತ್ತದೆ. ಊಟೆಯ, ಅಂದರೆ ಬೆಟ್ಟದ ಒರತೆಯ, ನೀರು ಬೇಸಿಗೆ ಶುರುವಾಗುವ ಮಾಸಿ ತಿಂಗಳಿಗೇ ಬತ್ತುವುದರಿಂದ ಬೇಸಿಗೆ ಪೂರ್ತಿ ಆ ಬೀದಿ ಬದುಕುವುದು ಈ ಧಾರೆಯ ಮೇಲೆ.

ಕೊಡಗಳು ಸಾಲಾಗಿದ್ದವು. ಬಾರದವರ ಜಾಗದಲ್ಲಿ ಒಂದೊಂದು ಕಲ್ಲು. ವಾಲ್ವಿಗೆ ಅರಿಸಿನ ಕುಂಕುಮ ಮೆತ್ತಿತ್ತು.

"ಇದಕ್ಕೂ ಪೂಜೆಯಾ?" ಎಂದು ನಕ್ಕೆ.

"ದೇವ್ರು ಅಂತಲ್ಲ ಕಣೇ. ಕುಂಕುಮ ಇದ್ರೆ ರಿಪೇರಿಗೆ ಬಂದೋನು ಸ್ಪ್ಯಾನರ್ ಆಕೋಕೆ ಇಂದೆಮುಂದೆ ನೋಡ್ತಾನೆ. ಇಬ್ರು ಬಂದು ಕೈ ಮುಗ್ದು ವಾಪಸ್ ಓಗವ್ರೆ."

ಪಕ್ಕದ ಮನೆಯ ಸೆಲ್ವಿ ತಮಿಳಿನವಳು. ಚಿಕ್ಕಮ್ಮನ ಜೊತೆ ಇದ್ದೂ ಇದ್ದೂ ಕನ್ನಡ ಕಲಿತಿದ್ದಾಳೆ. "ನಿಮ್ ಚಿಕ್ಕಮ್ಮ ಗಂಡನ್ ಫೋಟೋಗೂ ದಿನಾ ಕುಂಕುಮ ಇಡಲ್ಲ, ಇದಕ್ಕೆ ತಪ್ಪಿಸಲ್ಲ" ಎಂದಳು.

"ಅವ್ರು ಇದ್ದಾಗ ಒಂದ್ ಕೊಡ ನೀರು ತಂದವ್ರಾ?" ಎಂದಳು ಚಿಕ್ಕಮ್ಮ.

ಸಂಜೆ ಮ್ಯಾಪು ನೋಡಲು ಹೋದೆ. ಸಮುದಾಯ ಭವನದ ಗೋಡೆಯಲ್ಲಿತ್ತು. ಟ್ಯಾಂಕಿನಿಂದ ನೀಲಿ ಗೆರೆ ಹೊರಟು ಎದುರು ಬೆಟ್ಟದ ಮಗ್ಗುಲಿಗೆ, ಪ್ಲಾಟುಗಳ ಕಡೆಗೆ ಇಳಿದಿತ್ತು. ಆ ಮಗ್ಗುಲಿಗೆ ಬರೆದದ್ದು 'ಬೆಳವಣಿಗೆ ವಲಯ'. ಸಾಲುಮನೆಗಳಿದ್ದ ಜಾಗದಲ್ಲಿ ಹಸಿರು ಬಣ್ಣ. ಬರೆದದ್ದು 'ತೋಟ'. ತೋಟ ಹೋಗಿದೆ, ಮನೆಗಳಿವೆ. ಮ್ಯಾಪಿನಲ್ಲಿ ತೋಟವಿದೆ, ಮನೆಗಳಿಲ್ಲ. ಎತ್ತರದ ಗೆರೆಗಳನ್ನು ಬೆರಳಿಟ್ಟು ನೋಡಿದೆ. ಟ್ಯಾಂಕಿನಿಂದ ಚಿಕ್ಕಮ್ಮನ ಬೀದಿಗೆ ಪೂರ್ತಿ ಇಳಿಜಾರು. ಪಂಪು ಬೇಡ, ಕರೆಂಟು ಬೇಡ, ಒಂದು ಪೈಪು ಹಾಕಿದರೆ ನೀರು ತಾನಾಗಿ ಇಳಿಯುತ್ತದೆ. ಕೆಳಗೆ ಯೋಜನೆಯ ವಿವರವಿತ್ತು. ಸೋರುವ ವಾಲ್ವುಗಳನ್ನೆಲ್ಲ ಪಟ್ಟಿ ಮಾಡಿ ಬದಲಾಯಿಸುವುದು, ಅದರಿಂದ ಉಳಿತಾಯವಾಗುವ ನೀರನ್ನು ಬೆಳವಣಿಗೆ ವಲಯಕ್ಕೆ ಕೊಡುವುದು.

ಅಲ್ಲೇ ನಿಂತು ಎರಡು ಸಲ ಓದಿದೆ. ಒಂದು ಬೀದಿಯ ಕುಡಿಯುವ ನೀರಿಗೆ ಕಾಗದದಲ್ಲಿ ಸೋರಿಕೆ ಎಂದು ಹೆಸರು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ವಾಲ್ವಿನ ಹತ್ತಿರ ಒಂದು ಕೊಡವೂ ಇಲ್ಲ. ಚಿಕ್ಕಮ್ಮನೂ ಸೆಲ್ವಿಯೂ ವಾಲ್ವಿನ ಕತ್ತಿಗೆ ಸೈಕಲ್ ಟ್ಯೂಬು ಸುತ್ತಿ ಬಿಗಿಯುತ್ತಿದ್ದರು. ಮೀಟಿಂಗಿಗೆ ಬರುವ ಅಧಿಕಾರಿಗಳ ಜೀಪು ಇದೇ ರಸ್ತೆಯಲ್ಲಿ ಹಾದುಹೋಗುತ್ತದಲ್ಲ. ಅವರಿಗೆ ಸೋರುವುದು ಕಾಣಬಾರದು.

"ಬಿಚ್ಚು ಚಿಕ್ಕಮ್ಮ. ಕ್ಯೂ ನಿಲ್ಲಿಸು. ಕಣ್ಣಾರೆ ನೋಡ್ಲಿ."

"ನೋಡಿದ್ರೆ ಮುಚ್ಚಿಸ್ತಾರೆ. ಆಮೇಲೆ ನಿನ್ ಮ್ಯಾಪ್ ಕುಡೀಲಾ?"

ಆ ಬೆಳಗಿನ ನೀರನ್ನು ಬೀದಿ ಬಿಟ್ಟುಕೊಟ್ಟಿತು. ಜೀಪು ಹಾದುಹೋಯಿತು. ಗೂಡಿನ ಸುತ್ತ ಗುಡಿಸಿ ರಂಗೋಲಿಯನ್ನೂ ಹಾಕಿದ್ದರು.

ಮೀಟಿಂಗಿನಲ್ಲಿ ಮಾತೆಲ್ಲ ತಮಿಳಿನಲ್ಲಿ. ಮುಂದೆ ಕೂತವರು ಪ್ಲಾಟಿನವರು. ಎಂಜಿನಿಯರ್ ಮೂವತ್ತರ ಆಸುಪಾಸಿನವರು, ಮೆಲುದನಿ. ನಮ್ಮ ಸರದಿ ಬಂದಾಗ ಎದ್ದು ನಿಂತು ಕೇಳಿದೆ, ನಮ್ಮ ಬೀದಿಗೆ ಲೈನು ಯಾಕಿಲ್ಲ?

"ಮೋಟಾರು ತಳ್ಳುವ ಪೈಪಿಗೆ ನಲ್ಲಿ ಹಾಕುವ ಹಾಗಿಲ್ಲಮ್ಮ. ರೂಲ್ಸು."

"ಗೊತ್ತು ಸಾರ್. ಆ ಪೈಪು ಕೇಳುತ್ತಿಲ್ಲ. ಟ್ಯಾಂಕಿನಿಂದ ನಮ್ಮ ಕಡೆಗೂ ಒಂದು ಪೈಪು ಇಳಿಸಿ. ನಿಮ್ಮ ಮ್ಯಾಪಿನಲ್ಲೇ ಇಳಿಜಾರು ಇದೆ."

ಅವರು ಮ್ಯಾಪಿನ ಕಡೆ ತಿರುಗಿ ನೋಡಿದರು. ನಾನು ಹೇಳಿದ್ದು ಸರಿ ಎಂದು ಅವರಿಗೆ ಗೊತ್ತಾಯಿತು. "ಗ್ರೋತು ಆ ಕಡೆ ಅಮ್ಮ" ಎಂದರು.

"ಆ ಕಡೆ ಎಷ್ಟು ಮನೆ ಇವೆ?"

"ಈಗ ಇಲ್ಲ. ಬರುತ್ತವೆ."

"ಇರುವವರಿಗೆ ಕೊಡದೆ ಬರುವವರಿಗೆ ಕೊಡ್ತೀರಾ?"

ಮುಂದಿನ ಸಾಲಿನಿಂದ ಯಾರೋ "ಉಟ್ಕಾರುಮ್ಮಾ" ಎಂದು ಕೂರಲು ಹೇಳಿದರು. ನಾನು ಕೂರಲಿಲ್ಲ. ಎಂಜಿನಿಯರ್ ಸಮಾಧಾನವಾಗಿಯೇ ಕೇಳಿದರು, "ನಿಮ್ಮ ಬೀದಿಯಿಂದ ಇಲ್ಲಿವರೆಗೆ ಒಂದು ದೂರೂ ಬಂದಿಲ್ಲ. ಲಾರಿ ನೀರೂ ಕೇಳಿಲ್ಲ. ಬೇಸಿಗೆಯಲ್ಲಿ ನೀರಿಗೆ ಏನು ಮಾಡ್ತೀರಿ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಲೈನು ಎಷ್ಟು ಬೇಕಾಗಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಹೇಳಿದರೆ ಆ ವಾಲ್ವು ಪಟ್ಟಿಗೆ ಸೇರುತ್ತದೆ. ಚಿಕ್ಕಮ್ಮ ನನ್ನ ಸೆರಗು ಎಳೆದು ಕನ್ನಡದಲ್ಲಿ, ಅಷ್ಟು ಜನರಲ್ಲಿ ಯಾರಿಗೂ ಅರ್ಥವಾಗದೆಂಬ ಧೈರ್ಯದಲ್ಲಿ ಹೇಳಿದಳು, "ವಾಲ್ವಿನ್ ಮಾತ್ ಎತ್ತಬ್ಯಾಡ ಕಣೇ. ಊಟೆ ನೀರು ಅನ್ನು."

ಬರೆಯುತ್ತಿದ್ದ ಎಂಜಿನಿಯರ್ ಪೆನ್ನು ನಿಂತಿತು. ತಲೆ ಎತ್ತದೆ, ನಮಗಷ್ಟೇ ಕೇಳುವಂತೆ ಅಂದರು, "ಊಟೆ ಮಾಸೀಲೇ ಬತ್ತೋಗ್ತೈತಲ್ಲ ದೊಡ್ಡಮ್ಮಾ."

ಚಿಕ್ಕಮ್ಮ ನನ್ನ ಸೆರಗು ಬಿಟ್ಟಳು.

"ನಮ್ದು ಧರ್ಮಪುರಿ ತಾವ ಅರೂರು ಕಡೆ. ನಮ್ಮನೇಲೂ ಕನ್ನಡಾನೇ ಮಾತು. ಯಾವ ವಾಲ್ವು ಅಂತ ನಾನು ಕೇಳಲ್ಲ, ನೀವೂ ಬಾಯ್ ಬಿಡಬ್ಯಾಡಿ. ಲಿಸ್ಟ್‌ನಾಗೆ ಬರದಂಗೆ ನೋಡ್ಕೋತೀನಿ."

"ಸಾರ್, ನಾವು ಕೇಳಿದ್ದು ಲೈನು" ಎಂದೆ, ಕನ್ನಡದಲ್ಲೇ.

"ಅದು ನನ್ ಕೈಲಿಲ್ಲ ಕಣಮ್ಮ. ಇದು ಐತೆ."

ಮತ್ತೆ ತಮಿಳಿಗೆ ಹೊರಳಿ ದನಿ ಏರಿಸಿ ಮುಂದಿನ ಬೀದಿಯನ್ನು ಕರೆದರು. ಚಿಕ್ಕಮ್ಮ ಎರಡೂ ಕೈ ಎತ್ತಿ ಅವರಿಗೆ ಮುಗಿದಳು. ನನಗೆ ಸಹಿಸಲಾಗದ್ದು ಅದು. ಆ ಮನುಷ್ಯ ಕೆಟ್ಟವನಲ್ಲ ಎಂಬುದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಹಕ್ಕು ಕೇಳಲು ಹೋದವರು ಸೋರಿಕೆಗೆ ಅನುಮತಿ ಪಡೆದು, ಕೈ ಮುಗಿದು ಬಂದೆವು.

ದಾರಿಯಲ್ಲಿ ಚಿಕ್ಕಮ್ಮ ಹುಡುಗಿಯಂತೆ ನಡೆಯುತ್ತಿದ್ದಳು. "ಒಳ್ಳೇ ಮಗ. ನಮ್ಮೋನು."

"ನಮ್ಮೋನಾದ್ರೆ ಲೈನು ಕೊಡ್ಲಿ. ವಾಲ್ವು ಇವತ್ತಲ್ಲ ನಾಳೆ ಮುಚ್ಚೇ ಮುಚ್ಚುತ್ತೆ ಚಿಕ್ಕಮ್ಮ. ಇವನು ವರ್ಗವಾಗಿ ಹೋದರೆ?"

"ನಿನ್ ಲೈನು ಎಂದು ಬತ್ತೈತೆ, ಅದೇಳು."

ಮಧ್ಯಾಹ್ನದ ಮೋಟಾರು ಶುರುವಾಗುವ ಹೊತ್ತಾಗಿತ್ತು. ಅವಳು ಟ್ಯೂಬು ಬಿಚ್ಚಿ, ಮೊದಲ ನೀರನ್ನು ಸರದಿ ತಪ್ಪಿಸಿ ನನ್ನ ಬಾಟಲಿಗೆ ತುಂಬಿಸಿದಳು. ಯಾರೂ ಬೇಡವೆನ್ನಲಿಲ್ಲ. "ಸೇಲಂ ನೀರು ಕುಡೀಬ್ಯಾಡ, ಉಪ್ಪು" ಎಂದಳು.

ತಿಂಗಳಾದರೂ ಸಿಟ್ಟು ಇಳಿಯದೆ ಇದನ್ನು ಬರೆದಿದ್ದೇನೆ. ತಮಿಳಿನಲ್ಲಿ ಬರೆದರೆ ಆ ಊರಿನವರು ಓದಿ ವಾಲ್ವು ಹುಡುಕಿಯಾರು. ನಮ್ಮ ಕಡೆ ಕನ್ನಡ ಆಡುವವರಿದ್ದಾರೆ, ಓದುವವರು ಬೆರಳೆಣಿಕೆಯಷ್ಟು. ನಾನೂ ಡಿಗ್ರಿ ಮುಗಿದ ಮೇಲೆ ಕನ್ನಡದ ಅಕ್ಷರ ಕಲಿತವಳು. ಇದನ್ನು ಓದುವವರಲ್ಲಿ ಯಾರಾದರೂ ಆ ಬೆಟ್ಟದಲ್ಲಿ ಪ್ಲಾಟು ಕೊಂಡಿದ್ದರೆ ಚಿಂತೆ ಬೇಡ. ಮ್ಯಾಪು ನಾನು ನೋಡಿದ್ದೇನೆ. ನಿಮ್ಮ ನಲ್ಲಿಗೆ ನೀರು ಜೋರಾಗಿ ಬರುತ್ತದೆ.

ಅಂದು ಬೆಟ್ಟ ಇಳಿಯುವ ಬಸ್ಸಿನಲ್ಲಿ ಬಲಗಡೆ ಕಿಟಕಿ ಸಿಕ್ಕಿತು. ಮೂರನೆಯ ತಿರುವಿನಲ್ಲಿ ಎರಡೂ ಬೆಟ್ಟಗಳ ಮಗ್ಗುಲು ಒಟ್ಟಿಗೆ ಕಾಣುತ್ತವೆ. ಒಂದು ಕಡೆ ಸಾಲುಮನೆ, ಅದರ ತುದಿಯಲ್ಲಿ ಬಣ್ಣ ಬಣ್ಣದ ಕೊಡಗಳು, ಬಾಗಿದ ಬೆನ್ನುಗಳು. ಎದುರು ಮಗ್ಗುಲಲ್ಲಿ ಅಗೆದ ಕೆಂಪು ಕಾಲುವೆಯ ಪಕ್ಕ ಹೊಸ ನೀಲಿ ಪೈಪುಗಳು ಉದ್ದಕ್ಕೂ ಮಲಗಿದ್ದವು, ಪ್ಲಾಟಿನ ಕಲ್ಲುಗಳಿಗೆ ಸುಣ್ಣ ಬಳಿದಿತ್ತು. ಬಸ್ಸು ತಿರುಗುವವರೆಗೂ ಕಣ್ಣು ಕಿರಿದು ಮಾಡಿ ನೋಡಿದೆ. ಆ ಕಡೆ ಒಂದು ನರಪಿಳ್ಳೆಯೂ ಇರಲಿಲ್ಲ.