ಜಾಮೀನಿಗೆ ಮುಂಚೆ ಬಂದ ಮಾಫಿ

ಹುಣಸೂರಿನ ವಕೀಲರೊಬ್ಬರಲ್ಲಿ ಗುಮಾಸ್ತನಾಗಿದ್ದ ಕಂಠಪ್ಪನಿಗೆ ಅರ್ಧ ಸಂಬಳ ಬರೆಯುವುದಕ್ಕೆ, ಇನ್ನರ್ಧ ಬಾಯಿ ಮುಚ್ಚಿಕೊಂಡಿರುವುದಕ್ಕೆ. ಎರಡನೆಯ ಅರ್ಧವನ್ನು ಅವನು ಎಂದೂ ದುಡಿದು ತಿನ್ನಲಿಲ್ಲ.

೧೯೫೪ರಲ್ಲಿ ಗಾವಡಗೆರೆಯ ಕೂಲಿಯಾಳು ಚಿಕ್ಕಮಾದು ಜೈಲಿಗೆ ಬಿದ್ದ. ಪಿರಿಯಾಪಟ್ಟಣದ ದಾರಿಯಲ್ಲಿ ಐದು ಜನ ಸೇರಿ ಹೊಗೆಸೊಪ್ಪಿನ ಗಾಡಿ ದೋಚಿದ್ದರು. ಆ ಐವರಲ್ಲಿ ಇವನು ಎತ್ತಿನ ಮೂಗುದಾರ ಹಿಡಿದು ನಿಂತಿದ್ದವನು. ಮನೆಯಲ್ಲಿ ತಾಯಿ ಮರಮ್ಮ ಹಾಸಿಗೆ ಹಿಡಿದಿದ್ದಳು. ಸಾಯುವಾಗ ಅವಳ ಬಾಯಿಗೆ ನೀರು ಬಿಡಲು ಇದ್ದವನು ಇವನೊಬ್ಬನೇ ಮಗ. ಶುಕ್ರವಾರ ಐವರ ಜಾಮೀನಿನ ಅರ್ಜಿಯೂ ಕೋರ್ಟಿನ ಮುಂದೆ ಬರುವುದಿತ್ತು. ಅಷ್ಟರಲ್ಲಿ ಪೊಲೀಸರು, ನಡೆದದ್ದನ್ನು ಒಪ್ಪಿ ಸಾಕ್ಷಿ ಹೇಳಿದರೆ ಮಾಫಿ ಕೊಡಿಸುತ್ತೇವೆ ಎಂದರು. ಅವನ ಮೊಕದ್ದಮೆ ಹಿಡಿದಿದ್ದ ಕಂಠಪ್ಪನ ವಕೀಲರು ಮೈಸೂರಿಗೆ ಹೋಗಿದ್ದರು. ಚಿಕ್ಕಮಾದು ಕಂಬಿಯ ಆಚೆಯಿಂದ ಗುಮಾಸ್ತನನ್ನೇ ಕೇಳಿದ.

“ಮಾಫಿ ಅಂದ್ರೆ ಏನ್ ಸಾಮಿ?”

“ಕಾನೂನು ನಿನ್ ಮೈ ಮುಟ್ಟಂಗಿಲ್ಲ ಕಣಯ್ಯ. ಜಾಮೀನು ಯಾಕೆ? ಇದು ಅದಕ್ಕಿಂತ ದೊಡ್ಡದು,” ಎಂದ ಕಂಠಪ್ಪ, ತಾನೇ ಜಡ್ಜಿಯೆಂಬಂತೆ.

ಚಿಕ್ಕಮಾದು ಗುರುವಾರವೇ ಎಲ್ಲ ಒಪ್ಪಿ ಬರೆಸಿ ಹೆಬ್ಬೆಟ್ಟು ಒತ್ತಿದ.

ಊರಿಗೆ ಬಂದ ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಜಾಮೀನಿನ ಮೇಲೆ ಹೊರಗಿದ್ದವನಿಗೆ ಮಾಫಿ ಸಿಕ್ಕರೆ ಹೊರಗೇ ಇರಬಹುದು. ಒಳಗಿದ್ದವನಿಗೆ ಸಿಕ್ಕರೆ, ವಿಚಾರಣೆ ಮುಗಿಯುವವರೆಗೂ ಒಳಗೇ. ಯಾರೂ ಅವನನ್ನು ಹೆದರಿಸದಿರಲೆಂದು ಕಾನೂನು ಕೊಡುವ ರಕ್ಷಣೆಯಂತೆ ಅದು. ಒಂದು ದಿನ ತಡೆದಿದ್ದರೆ ಸಾಕಿತ್ತು ಎಂದರು. ಶುಕ್ರವಾರ ಉಳಿದ ನಾಲ್ವರೂ ಜಾಮೀನಿನ ಮೇಲೆ ಊರಿಗೆ ಹೋದರು.

ಮೂರನೆಯ ತಿಂಗಳು ಮರಮ್ಮ ತೀರಿಕೊಂಡಳು. ಮಗ ಪೊಲೀಸರ ಕಡೆ ಸೇರಿದನೆಂದು ನೆರೆಯವರು ಆ ಗುಡಿಸಲಿನತ್ತ ತಲೆ ಹಾಕಿರಲಿಲ್ಲ. ಸುದ್ದಿ ಒಯ್ದ ಕಂಠಪ್ಪ, ಬೈಗುಳ ತಿನ್ನಲು ತಯಾರಾಗಿಯೇ ನಿಂತಿದ್ದ. ಚಿಕ್ಕಮಾದು ಬೈಯಲಿಲ್ಲ. ನೀರು ಬಿಟ್ಟವರು ಯಾರು ಎಂದಷ್ಟೇ ಕೇಳಿದ. ನೀರು ಬಿಟ್ಟು, ಮಣ್ಣು ಮಾಡಿದವನು ಗೋವಿಂದಯ್ಯ. ಆ ನಾಲ್ವರಲ್ಲಿ ಒಬ್ಬ.

ಇನ್ನು ಗೋವಿಂದಯ್ಯನ ಮೇಲೆ ಸಾಕ್ಷಿ ಹೇಳಬೇಕಿತ್ತು. ಹೇಳದಿದ್ದರೆ ಮಾಫಿ ರದ್ದಾಗಿ, ಒಪ್ಪಿ ಬರೆಸಿದ್ದೇ ಕೊರಳಿಗೆ ಬರುತ್ತದೆಂದು ಕಂಠಪ್ಪ ಈ ಸಲ ವಕೀಲರನ್ನು ಕೇಳಿಕೊಂಡೇ ಹೋಗಿ ತಿಳಿಸಿದ.

“ಓಗ್ಲಿ ಬುಡಿ ಸಾಮಿ,” ಎಂದ ಚಿಕ್ಕಮಾದು. “ನಮ್ಮವ್ವನ ಬಾಯಿಗೆ ನೀರು ಬುಟ್ಟ ಕೈಗೆ ಬೇಡಿ ಆಕ್ಸಿ, ನಾನು ಯಾರ ತಾವ ಓಗ್ಲಿ?”

ಮೈಸೂರಿನ ಕೋರ್ಟಿನಲ್ಲಿ ತನಗೆ ಯಾರ ಗುರುತೂ ಇಲ್ಲವೆಂದ. ನಾಲ್ವರೂ ಬಿಡುಗಡೆಯಾದರು. ಆಮೇಲೆ ಬೇರೆಯಾಗಿ ನಡೆದ ಮೊಕದ್ದಮೆಯಲ್ಲಿ ಅವನಿಗೆ ನಾಲ್ಕು ವರ್ಷವಾಯಿತು. ಮೇಲಿನ ಕೋರ್ಟಿಗೆ ಅರ್ಜಿ ಬರೆಯಲೇ ಎಂದು ಕಂಠಪ್ಪ ಕೇಳಿದರೆ ಬೇಡವೆಂದ. ಗುಡಿಸಲಿನ ಬಾಗಿಲು ತೆರೆದೇ ಇರಬಹುದು, ಎಳೆದು ಒಂದು ಹಗ್ಗ ಬಿಗಿದು ಬನ್ನಿ ಎಂದ.

ಭಾನುವಾರ ಕಂಠಪ್ಪ ಗಾವಡಗೆರೆಗೆ ನಡೆದು ಹೋಗಿ ಬಿಗಿದು ಬಂದ.