ನಾನು ಮೊದಲ ರಿಮೋಟ್ ಕಾರು ಆರಿಸಿದ್ದು

ಎಡಮೊಣಕಾಲಿನ ಆಪರೇಷನ್ ಆದ ಮೇಲೆ ಮೂರು ತಿಂಗಳು ಸ್ಟೇರಿಂಗ್ ಮುಟ್ಟಬಾರದು ಎಂದರು ವೈದ್ಯರು. ಕೊಟ್ಟೂರಿನಿಂದ ಹರಪನಹಳ್ಳಿ, ಅಲ್ಲಿಂದ ತೆಲಿಗಿ ಎಂದು ಹದಿನೆಂಟು ವರ್ಷ ಬಸ್ಸು ಓಡಿಸಿದವನು ನಾನು. ಮನೆಯಲ್ಲಿ ದಿನ ತಳ್ಳುವುದು ಗೊತ್ತಿರಲಿಲ್ಲ. ಬೀದಿಯಲ್ಲಿ ಲಾರಿಯೊಂದು ಗೇರ್ ಬದಲಿಸಿದರೆ ನನ್ನ ಕಾಲು ಹಾಸಿಗೆಯಲ್ಲೇ ಕ್ಲಚ್ ಒತ್ತಲು ಹೋಗುತ್ತಿತ್ತು. ನೋವಿಗೆ ಹಲ್ಲು ಕಚ್ಚುತ್ತಿದ್ದೆ.

ಎರಡನೇ ವಾರ ಫೋನಿನಲ್ಲಿ ಒಂದು ರಿಮೋಟ್ ಕಾರು ಕಲ್ಲುಗುಡ್ಡೆ ಏರುವ ವಿಡಿಯೊ ಬಂತು. ಮಕ್ಕಳ ಆಟಿಕೆಯಲ್ಲ. ಸ್ಪ್ರಿಂಗು, ಆಕ್ಸಲ್ ಎಲ್ಲ ಇರುವ, ದೊಡ್ಡವರು ಹವ್ಯಾಸಕ್ಕೆ ಓಡಿಸುವಂಥದ್ದು. ಅವತ್ತಿನಿಂದ ನನಗೆ ಅದೇ ಗುಂಗು. ಬೆಳಿಗ್ಗೆ ಒಂದನ್ನು ಆರಿಸುವೆ, ಊಟದ ಹೊತ್ತಿಗೆ ಅದು ಬೇಡವೆನಿಸುವುದು. ಎಣ್ಣೆಯದೋ ಬ್ಯಾಟರಿಯದೋ, ನುಣುಪು ರಸ್ತೆಯದೋ ಒರಟು ನೆಲದ್ದೋ ಎಂದು ಕೋಲೂರಿಕೊಂಡು ಪಡಸಾಲೆ ಅಳೆಯುತ್ತಿದ್ದೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದು ಸಂಜೆ ಬಂದವಳೇ ಫೋನು ಇಣುಕಿ ನೋಡಿದಳು.

"ನಿನ್ನಿ ಬ್ಯಾರೆ ಇತ್ತು, ಇವತ್ತು ಇದಾ? ಹೆಣ್ಣು ನೋಡಾಕ ಬಂದಾಗ್ಲೂ ಇಷ್ಟು ದಿನ ತಗಂಡಿದ್ದಿಲ್ಲ ನೀವು."

"ಆವಾಗ ಒಬ್ಬಾಕಿನ್ನಷ್ಟ ತೋರಿಸಿದ್ರು."

ಅವಳು ನಗಲಿಲ್ಲ. "ಗೊತ್ತಿದ್ದೋರನ್ನ ಕೇಳ್ರಿ. ಹಿಂಗ ಅಡ್ಡಾಡಿ ಕಾಲು ಕೆಡಿಸ್ಕೋಬ್ಯಾಡ್ರಿ."

ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ವೈಂಡಿಂಗ್ ಮಾಡುವ ಒಬ್ಬ ಹಿರಿಯರು ಇಂಥ ಕಾರು ಓಡಿಸುತ್ತಾರೆಂದು ನನ್ನ ಬಸ್ಸಿನ ಕಂಡಕ್ಟರ್ ಹೇಳಿದ್ದ. ಭಾನುವಾರ ಹೆಂಡತಿಯೊಡನೆ ಬಸ್ಸು ಹತ್ತಿದೆ. ಚಾಲಕ ತಿರುವಿನಲ್ಲಿ ತಡವಾಗಿ ಬ್ರೇಕ್ ಹಾಕಿದಾಗಲೆಲ್ಲ ಮುಂದಿನ ಕಂಬಿ ಹಿಡಿದು ಗೊಣಗಿದೆ.

ಹಿರಿಯರ ಅಂಗಡಿ ತಲುಪಿ, ನಾನು ಆರಿಸಿದ್ದ ಕಾರನ್ನು ಫೋನಿನಲ್ಲಿ ತೋರಿಸಿದೆ.

"ಇದು ತಾಸಿಗೆ ಎಂಬತ್ತು ಕಿಲೋಮೀಟರ್ ಹೋಗತೈತಂತ್ರಿ."

"ಹೋಗತೈತಿ. ಎಲ್ಲಿಗೆ?" ಎಂದರು ಹಿರಿಯರು.

ಹಿಂದಿನ ಖಾಲಿ ಜಾಗಕ್ಕೆ ಕರೆದೊಯ್ದು ತಮ್ಮ ಕಾರು ನೆಲಕ್ಕಿಟ್ಟು, ರಿಮೋಟು ನನ್ನ ಕೈಗೆ ಕೊಟ್ಟರು. "ಆ ಎರಡು ಕಲ್ಲಿನ ನಡುವ ಹೋಗಿ, ತಿರುಗಿ ನಿಮ್ಮ ಕಡಿ ಬರ್ಲಿ."

ಹೋಗುವುದು ನೆಟ್ಟಗೆ ಹೋಯಿತು. ತಿರುಗಿ ಬರುವಾಗ ಬಲಕ್ಕೆ ತಿರುಗಿಸಿದರೆ ನನ್ನ ಎಡಕ್ಕೆ ನುಗ್ಗಿತು. ಗಾಬರಿಯಲ್ಲಿ ವೇಗ ಹೆಚ್ಚಿಸಿದೆ. ಕಾರು ಕಲ್ಲಿಗೆ ಬಡಿದು ಮಗುಚಿತು, ಮುಂದಿನ ಚಕ್ರ ಓರೆಯಾಯಿತು. ಬಸ್ಸಿಗೆ ಒಂದು ಗೀರೂ ಬೀಳಿಸದವನಿಗೆ ಕಿವಿ ಬಿಸಿಯಾಯಿತು.

"ಎದುರಿಗೆ ಬರೋವಾಗ ಎಡ ಬಲ ಅದಲು ಬದಲು. ನೀವು ಅದರೊಳಗ ಕುಂತಿಲ್ಲಲ್ರಿ," ಎಂದು ಹಿರಿಯರು ಡಬ್ಬಿಯಿಂದ ಸಣ್ಣ ಪ್ಲಾಸ್ಟಿಕ್ ತುಂಡು ತೆಗೆದು, ಎರಡು ಸ್ಕ್ರೂ ಬಿಗಿದು ಚಕ್ರ ಸರಿಮಾಡಿದರು. "ಮೊದಲ್ನೇ ಕಾರಿಗೆ ಓಟ ಎಷ್ಟಂತ ಕೇಳಬ್ಯಾಡ್ರಿ. ಇಂತಾ ತುಂಡು ಬೇಕಂದಾಗ ಸಿಗತೈತಾ ಅಂತ ಕೇಳ್ರಿ."

ಆಗ ಹೆಂಡತಿ ಕೈ ಚಾಚಿದಳು. ಸ್ಕೂಟರನ್ನೂ ಓಡಿಸದವಳು ಕಾರನ್ನು ಸಾವಕಾಶ ಕಲ್ಲುಗಳ ನಡುವೆ ನಡೆಸಿ, ತಿರುಗಿಸಿ, ನನ್ನ ಚಪ್ಪಲಿಯ ಮುಂದೆ ನಿಲ್ಲಿಸಿದಳು.

"ಹೆಂಗ ತಂದಿ?"

"ಮಕ್ಕಳು ನನ್ನ ಎದುರಿಗೆ ಕುಂತಿರ್ತಾರಲ್ರಿ. ಅವರ ಬಲಗೈ ನನಗ ಎಡಕ್ಕ ಕಾಣತೈತಿ. ದಿನಾ ಅದ ರೂಢಿ."

ಹಿರಿಯರು ತಲೆಯಾಡಿಸಿದರು. ನಾನು ಫೋನು ಜೇಬಿಗಿಟ್ಟೆ.

ತರಿಸಿದ್ದು ಬ್ಯಾಟರಿಯದು. ದಪ್ಪ ಟೈರು, ಸಾಧಾರಣ ಓಟ, ಬಿಡಿಭಾಗ ಸುಲಭವಾಗಿ ಸಿಗುವಂಥದ್ದು. ಅದು ಬರುವವರೆಗೆ ಆರು ದಿನ ಬಾಗಿಲು ಬಿಟ್ಟು ಕದಲಲಿಲ್ಲ. ಈಗ ಕೆಲಸಕ್ಕೆ ಮರಳಿದ್ದೇನೆ. ರಜೆಯ ದಿನ ಗುಡೇಕೋಟೆಯಲ್ಲಿ, ಅವಳ ತವರಿನ ಹಿಂದಿನ ಬಂಡೆಗಳ ಮೇಲೆ ಓಡಿಸುತ್ತೇವೆ. ಕಾರು ನನ್ನತ್ತ ಮುಖ ಮಾಡಿದರೆ ಇಂದಿಗೂ ಬೆರಳು ತಡವರಿಸುತ್ತದೆ. ಹೋದ ಸಲ ಬಂಡೆಯಿಂದ ಬೀಳಿಸಿದೆ. ಹೊಸ ತುಂಡು ಹಾಕುತ್ತಾ ಅವಳೆಂದಳು: "ಇನ್ನೊಂದು ತರಸೂಣು. ನಿಮ್ಮದು ರಿಪೇರಿ ಆಗೋತನಕ ನಾನು ಎಷ್ಟೊತ್ತಂತ ಕಾಯಲಿ?"