ಬಣ್ಣ ಹಚ್ಚಿದ ಕಲ್ಲುಗಳು

ನಮ್ಮ ವಿಭಾಗದಲ್ಲಿ ಮುರಿಯುವುದೇ ಕೆಲಸ. ಕಟ್ಟಡ ನಿಲ್ಲಿಸುವುದನ್ನು ಕಲಿಸುತ್ತೇವೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ. ಒಳಗೆ ಬಂದು ನೋಡಿದರೆ ಒಂದು ಮೂಲೆಯಲ್ಲಿ ಕಾಂಕ್ರೀಟಿನ ತೊಲೆ ಬಿರುಕು ಬಿಡುತ್ತಿರುತ್ತದೆ, ಇನ್ನೊಂದು ಮೂಲೆಯಲ್ಲಿ ಯಂತ್ರದ ನಡುವೆ ಸಿಕ್ಕ ಘನಾಕಾರದ ತುಂಡೊಂದು ಪುಡಿಯಾಗುತ್ತಿರುತ್ತದೆ. ಬೀದರಿನ ಈ ಕಾಲೇಜಿನ ಸ್ಟ್ರಕ್ಚರಲ್ ಎಂಜಿನಿಯರಿಂಗ್ ವಿಭಾಗಕ್ಕೆ ನಾನು ಸೇರಿದಾಗ ಆ ಸದ್ದು ಕೇಳಿದರೆ ಎದೆ ಹಿಗ್ಗುತ್ತಿತ್ತು. ಈಗ ನಿವೃತ್ತಿ ಹತ್ತಿರ ಬಂದಿದೆ. ಸದ್ದಾದರೆ ತಲೆ ಎತ್ತಿ ನೋಡುವುದೂ ಇಲ್ಲ.

ವಿಭಾಗದ ಮುಖ್ಯಸ್ಥನಾದ ಮೇಲೆ ನನ್ನ ಕೊರಳಿಗೆ ಬಿದ್ದ ಕೆಲಸಗಳಲ್ಲಿ ಬಹಳ ಬೇಸರದ್ದು ವರ್ಷಕ್ಕೊಮ್ಮೆ ‘ಸಂಶೋಧನೆ ಮತ್ತು ವಿದ್ಯಾರ್ಥಿ ಸಾಧನೆ’ ಎಂಬ ಪುಟ ತುಂಬಿಸುವುದು. ಕಲಬುರಗಿಯ ಸ್ಪರ್ಧೆಯಲ್ಲಿ ನಮ್ಮ ಹುಡುಗರು ಐಸ್‌ಕ್ರೀಮ್ ಕಡ್ಡಿಯ ಸೇತುವೆ ಮಾಡಿ ಬಹುಮಾನ ತಂದರೆ ಅದೊಂದು ಸಾಧನೆ. ಯಾರಾದರೂ ಎಲ್ಲೋ ಒಂದು ಪ್ರಬಂಧ ಓದಿ, ಊಟ ಮಾಡಿ, ಪ್ರಮಾಣಪತ್ರ ತಂದರೆ ಅದೂ ಸಾಧನೆ. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡಿದ್ದೆಲ್ಲ ಸಾಧನೆ. ನಿಜವಾದ ಕೆಲಸ ಮಾತ್ರ ಫೋಟೋಕ್ಕೆ ಸಿಗುವುದಿಲ್ಲ. ನಮ್ಮಲ್ಲಿ ಅದು ತಾರಸಿಯ ಮೇಲೆ, ಬಿಸಿಲಿನಲ್ಲಿ, ಸುಮ್ಮನೆ ಕೂತಿತ್ತು.

ಅದು ನನ್ನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯ ಕೆಲಸ. ಹುಡುಗಿ ಎನ್ನುವುದು ನನ್ನ ರೂಢಿ, ಆಕೆ ಭಾಲ್ಕಿಯಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಊರು ಔರಾದ ತಾಲ್ಲೂಕಿನ ಎಕಂಬಾ. ಮನೆಯಲ್ಲಿ ಕುರಿ, ಮಳೆ ನಂಬಿದ ಹೊಲ. ಅತಿಥಿ ಉಪನ್ಯಾಸಕರ ಪಾಡು ಗೊತ್ತಿದ್ದವರಿಗೆ ಗೊತ್ತು. ಪ್ರತಿ ವರ್ಷ ಬೇಸಿಗೆ ಬಂದರೆ ಕೆಲಸ ಇದೆಯೋ ಇಲ್ಲವೋ ಎಂದು ಫೋನು ಹಿಡಿದು ಕೂಡಬೇಕು. ಈ ಪದವಿ ಬಂದರೆ ಒಂದು ಕಡೆ ಕಾಯಂ ಆಗಿ ಕಾಲೂರಬಹುದು ಎಂಬುದು ಆಕೆಯ ಆಸೆ. ಅದಕ್ಕಾಗಿ ವಾರದ ಪಾಠ ಮುಗಿಸಿ ಶನಿವಾರ ಭಾಲ್ಕಿ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಿದ್ದಳು.

ವಿಷಯ ನಮ್ಮ ಊರಿನದೇ. ಬೀದರಿನಲ್ಲಿ ನೆಲ ಅಗೆದರೆ ಸಿಗುವ, ಕೋಟೆಗೂ ಹಳೆ ಮನೆಗಳಿಗೂ ಹಾಕಿರುವ, ಮೈತುಂಬ ತೂತಿನ ಕೆಂಪು ಕಲ್ಲು. ಅದನ್ನು ಸುಣ್ಣದ ಗಾರೆಯಿಂದ ಕೂಡಿಸಿದರೆ ಬಿಸಿಲು ಮಳೆಗೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೋ ಸಡಿಲವಾಗುತ್ತದೋ ಎಂಬುದು ಪ್ರಶ್ನೆ. ಕಲ್ಲುಗಳನ್ನು ಒಂದರ ಮೇಲೊಂದು ಕೂಡಿಸಿ ಮೊಣಕಾಲೆತ್ತರದ ಕಂಬಗಳನ್ನು ಮಾಡಿ ತಾರಸಿಯಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಪ್ರತಿ ಮಳೆಗಾಲ ಮುಗಿದ ಮೇಲೆ ಕೆಲವನ್ನು ಕೆಳಗೆ ತಂದು ಯಂತ್ರಕ್ಕೆ ಕೊಟ್ಟು ಮುರಿಯುವುದು, ಉಳಿದವನ್ನು ಮುಂದಿನ ಮಳೆಗೆ ಬಿಡುವುದು.

ಗಾರೆ ಹಸಿಯಿದ್ದಾಗ ಹೊದಿಸಲು ಗಾಂಧಿ ಗಂಜ ಮಾರುಕಟ್ಟೆಯಲ್ಲಿ ಪರಿಚಯದ ಅಡತಿ ವ್ಯಾಪಾರಿಗಳಿಂದ ಹಳೆಯ ಗೋಣಿಚೀಲ ತಂದಿದ್ದೆವು. ನೀರು ಚಿಮುಕಿಸಿದಾಗ ತಾರಸಿಯೆಲ್ಲ ತೊಗರಿ ವಾಸನೆ. ಚೀಲದ ಹೊಲಿಗೆಯಲ್ಲಿ ಸಿಕ್ಕಿದ್ದ ಕಾಳಿಗೆ ಪಾರಿವಾಳ ಬಂದು ಕೂಡುತ್ತಿದ್ದವು. ಆಕೆ ಕೈಯಲ್ಲಿ ಕಡ್ಡಿ ಹಿಡಿದು ಅವನ್ನು ಓಡಿಸುತ್ತ ಪುಸ್ತಕ ಓದುತ್ತಿದ್ದಳು. ಇನ್ನೂ ಬೇಗ ಮುಗಿಸುವ ದಾರಿ ಇಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ.

“ಸುಣ್ಣಕ್ಕ ಅವಸರ ಮಾಡಿದ್ರ ನಡ್ಯಂಗಿಲ್ರಿ ಸರ್,” ಎಂದಿದ್ದಳು. “ಅದು ಗಾಳಿ ತಗೊಂಡು ಸಾವಕಾಶ ಗಟ್ಟಿ ಆಗ್ತದ.”

ನನಗೇ ಪಾಠ ಹೇಳುತ್ತಾಳಲ್ಲ ಎಂದು ಒಳಗೊಳಗೇ ಖುಷಿಯಾಗಿತ್ತು. ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಕಲ್ಲಿನ ಜೊತೆ ಇಷ್ಟು ತಾಳ್ಮೆಯಿಂದ ಕೂತವರು ಬೇರೆ ಯಾರೂ ಸಿಕ್ಕಿಲ್ಲ.

ಕಂಬ ಮಾಡಿ ಉಳಿದ ಕಲ್ಲನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಆಕೆಯ ತಂದೆ ಬಂದಿದ್ದರು. ರುಮಾಲು, ಹೆಗಲ ಮೇಲೆ ಕಂಬಳಿ. ಕಾಲೇಜಿನ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಮ್ಮ ಲ್ಯಾಬಿಗೆ ಬಂದ ಮೊದಲ ಮನುಷ್ಯ ಅವರೇ ಇರಬೇಕು.

“ಮಗಳ ಕೈಯಾನ ಕಲ್ಲರಿ. ಇಲ್ಲಿ ಬಿದ್ದು ಹಾಳಾಗೋದು ಯಾಕ? ನಾ ಒಯ್ತೇನಿ. ಮನಿ ಮುಂದ ಒಂದು ಕಟ್ಟಿ ಕಟ್ತೇನಿ,” ಎಂದರು.

ಕಲ್ಲಿನ ಜೊತೆಗೆ ಉಳಿದಿದ್ದ ಸುಣ್ಣವನ್ನೂ ಟೆಂಪೋದಲ್ಲಿ ಹಾಕಿಸಿಕೊಂಡು ಹೋದರು. ಗಾರೆ ಹೇಗೆ ಕಲಸಬೇಕೆಂದು ಮಗಳೇ ಮುಂದೆ ನಿಂತು ಹೇಳಿಕೊಟ್ಟಳಂತೆ. ಆಗ ನಾವು ಅದನ್ನು ಅಲ್ಲಿಗೇ ಮರೆತೆವು.

ಈ ವರ್ಷದ ಮಳೆಗಾಲವೇ ಆಕೆಗೆ ಕೊನೆಯದು. ನೋಂದಣಿಯ ಅವಧಿ ಮುಗಿದು, ಒಮ್ಮೆ ವಿಸ್ತರಿಸಿ, ಇನ್ನು ಮೇಲೆ ಇಲ್ಲ ಎಂದು ವಿಶ್ವವಿದ್ಯಾಲಯ ಹೇಳಿಯಾಗಿತ್ತು. ಉಳಿದ ಕಂಬಗಳು ಈ ಮಳೆಯನ್ನೊಂದು ಮೈಮೇಲೆ ತೆಗೆದುಕೊಂಡರೆ ಸಾಕು, ಮುರಿದು ನೋಡಿ ಕೊನೆಯ ಅಧ್ಯಾಯ ಬರೆಯಬಹುದಿತ್ತು. ಮುಂಗಾರಿನ ಮೊದಲ ಮಳೆ ತರುವ ಮಿರಗದ ಮೋಡ ಕಾಣಿಸತೊಡಗಿತ್ತು. ಅದೇ ಹೊತ್ತಿಗೆ ಕಾಲೇಜಿಗೆ ದರ್ಜೆ ಕೊಡುವ ಸಮಿತಿ ಬರುತ್ತದೆ ಎಂಬ ಸುದ್ದಿ ಬಂತು.

ಸಮಿತಿ ಬರುತ್ತದೆ ಎಂದರೆ ನಮ್ಮ ಕಡೆ ಬಣ್ಣ ಹಚ್ಚುತ್ತಾರೆ. ಬೇರೆ ಏನೂ ತೋಚುವುದಿಲ್ಲ. ಮದುವೆ ಮನೆಯಿಂದ ಮಂತ್ರಿಗಳ ಭೇಟಿಯ ತನಕ, ಯಾರೋ ಬರುತ್ತಾರೆಂದರೆ ಮೊದಲು ನೆನಪಾಗುವುದು ಬಣ್ಣದ ಡಬ್ಬಿ. ಗೇಟು, ಗೋಡೆ, ಬೇವಿನ ಮರದ ಬುಡ, ನೀರಿನ ಟಾಕಿಯ ಮುಚ್ಚಳ, ಯಾವುದನ್ನೂ ಬಿಡಲಿಲ್ಲ. ನಾನು ಆ ವಾರ ಪರೀಕ್ಷೆಯ ಕೆಲಸಕ್ಕೆ ಕಲಬುರಗಿಗೆ ಹೋಗಿದ್ದೆ. ಮರಳಿ ಬಂದಾಗ ಶನಿವಾರ. ಆಕೆ ನನಗಿಂತ ಮೊದಲೇ ತಾರಸಿ ಹತ್ತಿದ್ದಳು.

ನಾನು ಮೇಲೆ ಹೋದಾಗ ನೀರಿನ ಟಾಕಿಯ ನೆರಳಲ್ಲಿ ನೆಲದ ಮೇಲೆ ಕೂತಿದ್ದಳು. ಎದುರಿಗೆ ಕಂಬಗಳ ಸಾಲು. ಎಲ್ಲವಕ್ಕೂ ಹಳದಿ ಎಣ್ಣೆಬಣ್ಣ, ಮೇಲಂಚಿಗೆ ಕೆಂಪು ಪಟ್ಟಿ. ಸಂಶೋಧನೆಯ ಕಂಬಗಳು ಹೋಗಿ ತಾಲ್ಲೂಕು ಕಚೇರಿಯ ಕಂಪೌಂಡಿನ ಕಂಬಗಳಾಗಿದ್ದವು.

ಬಣ್ಣದವನು ಬ್ರಷ್ ತೊಳೆಯುತ್ತ ಅಲ್ಲೇ ಇದ್ದ. ನನ್ನನ್ನು ನೋಡಿ ಎದ್ದು ನಿಂತ. “ಎರಡು ಕೋಟ್ ಹೊಡದೀವ್ರಿ ಸರ್. ಕಲ್ಲಿಗಿ ತೂತು ಭಾಳ, ಬಣ್ಣ ಭಾಳ ಕುಡಿದವು. ಇನ್ನ ಎಷ್ಟು ಮಳಿ ಬಂದ್ರೂ ಏನೂ ಆಗಂಗಿಲ್ರಿ.”

ಆತನಿಗೆ ಏನು ಹೇಳುವುದು? ತಾರಸಿಯ ಮೇಲೆ ಇದ್ದದ್ದಕ್ಕೆಲ್ಲ ಹಚ್ಚು ಎಂದು ಮೇಲಿನವರು ಹೇಳಿದ್ದರು, ಹಚ್ಚಿದ್ದ. ಮಳೆ ತಾಗಬೇಕೆಂದೇ ಇಟ್ಟ ಕಲ್ಲಿಗೆ ಮಳೆ ತಾಗದಂತೆ ಮಾಡಿದ್ದ, ಅದೂ ಚೊಕ್ಕವಾಗಿ. ಕೆರೆದು ತೆಗೆದರೆ ಕಲ್ಲಿನ ಮೈಯೇ ಕಿತ್ತುಬರುತ್ತದೆ. ಥಿನ್ನರ್ ಹಾಕಿದರೆ ಅದು ತೂತಿನೊಳಗೆ ಇಳಿದು ಇನ್ನೊಂದು ರಾಮಾಯಣ. ಗಾರೆಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಆಕೆ ಇದನ್ನೆಲ್ಲ ನಾನು ಬರುವ ಮೊದಲೇ ಲೆಕ್ಕ ಹಾಕಿ ಮುಗಿಸಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಪ್ರಾಂಶುಪಾಲರಲ್ಲಿಗೆ ಹೋದೆ. ಅವರು ಬಾಗಿಲ ಪರದೆಯ ಬಣ್ಣ ಆರಿಸುವುದರಲ್ಲಿದ್ದರು. “ಪೇಂಟ್ ಹಚ್ಚಿದ್ರ ಕಲ್ಲು ಹಾಳಾಗ್ತಾವೇನ್ರಿ? ಇನ್ನ ಛಲೋ ಇರ್ತಾವಲ್ಲ,” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಸಿಟ್ಟು ಮಾಡಿ ನಾನು ಗೆದ್ದದ್ದು ಒಂದೂ ನೆನಪಿಗೆ ಬರಲಿಲ್ಲ. ಎದ್ದು ಬಂದೆ.

ಸಮಿತಿಯವರು ಬಂದರು. ತಾರಸಿಗೂ ಹತ್ತಿದರು. ಅವರಲ್ಲಿ ಹಿರಿಯರೊಬ್ಬರು ಕಂಬದ ಮೇಲೆ ಕೈಯಿಟ್ಟು ಇದೇನು ಎಂದು ಕೇಳಿದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಪ್ರಾಂಶುಪಾಲರು, ಇದು ಕಲ್ಲಿಗೆ ರಕ್ಷಣಾ ಲೇಪನದ ಸಂಶೋಧನೆ, ನಮ್ಮ ವಿದ್ಯಾರ್ಥಿನಿಯದು ಎಂದುಬಿಟ್ಟರು. ಅವರ ಸಮಯಸ್ಫೂರ್ತಿಗೆ ನಾನೇ ದಂಗಾದೆ. ಹಿರಿಯರು ಆಕೆಯ ಕಡೆ ತಿರುಗಿ, ಯಾವ ಲೇಪನಮ್ಮಾ ಎಂದರು.

ಪ್ರಾಂಶುಪಾಲರು ಆಕೆಯನ್ನೇ ನೋಡುತ್ತಿದ್ದರು. ಒಂದು ಮಾತು ಹೌದು ಎಂದಿದ್ದರೆ ಮುಂದಿನ ವರ್ಷ ನಮ್ಮಲ್ಲೇ ಒಂದು ಕೆಲಸ ಆಕೆಗೆ ಸಿಗುತ್ತಿತ್ತೇನೋ.

“ಲೇಪನದ ಸ್ಟಡಿ ಅಲ್ರಿ ಸರ್,” ಎಂದಳು. “ಬಿಸಿಲು ಮಳಿಗಿ ಇಟ್ಟಿದ್ದೆ. ನೀವು ಬರ್ತೀರಂತ ಬಣ್ಣ ಹಚ್ಚ್ಯಾರ್ರಿ.”

ಹಿರಿಯರು ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕರು. ಉಳಿದವರೂ ನಕ್ಕರು. ತಾರಸಿ ಬಹಳ ಸ್ವಚ್ಛವಾಗಿದೆ ಎಂದು ಹೊಗಳಿ ಚಹಾಕ್ಕೆ ಇಳಿದರು. ನಾನು ಆಕೆಯ ಪಕ್ಕ ನಿಂತಿದ್ದೆ. ಶಹಬ್ಬಾಸ್ ಎನ್ನುವಷ್ಟು ಚೈತನ್ಯವೂ ನನ್ನಲ್ಲಿ ಉಳಿದಿರಲಿಲ್ಲ, ಆಕೆಯ ಜೊತೆ ಮೆಟ್ಟಿಲಿಳಿದೆ.

ಎಕಂಬಾದಲ್ಲಿ ಆಕೆಯ ತಂದೆ ಕಟ್ಟಿದ ಕಟ್ಟೆ ನೆನಪಾದದ್ದು ಎರಡು ದಿನ ಬಿಟ್ಟು, ನಾನು ಸ್ನಾನಕ್ಕೆ ನಿಂತಾಗ. ಅದೇ ಕಲ್ಲು, ಅದೇ ಸುಣ್ಣ, ಅದೇ ವರ್ಷ ಕಲಸಿದ ಗಾರೆ. ಇಷ್ಟು ಮಳೆಗಾಲ ಬಯಲಿನಲ್ಲೇ ನಿಂತಿದೆ. ಈ ಮಳೆಗಾಲವೂ ಹಾಗೇ ನಿಂತರೆ ಅದರಿಂದ ತುಂಡು ಕತ್ತರಿಸಿ ತಂದು ಮುರಿಯಬಹುದು. ಒದ್ದೆ ಕೈಯಲ್ಲೇ ಆಕೆಗೆ ಫೋನು ಮಾಡಿದೆ.

“ಸರ್,” ಎಂದಳು, “ಅದು ನನ್ನ ತಲ್ಯಾಗ ಬರಲೇ ಇಲ್ಲ ನೋಡ್ರಿ.” ತಂದೆಗೆ ಫೋನು ಮಾಡಿ, ನಮ್ಮ ಸರ್ ಕಟ್ಟಿ ನೋಡ್ಲಾಕ ಬರ್ತಾರ ಎಂದು ತಿಳಿಸಿದಳಂತೆ. ಪರೀಕ್ಷೆಗೆ ಬೇಕು ಎಂದಷ್ಟೇ ಹೇಳಿ, ಯಾಕೆ ಏನು ಎಂದು ಬಿಡಿಸಲಿಲ್ಲ. ತಾರಸಿಯ ಸಂಗತಿ ಕೇಳಿದರೆ ಅವರು ನೊಂದುಕೊಳ್ಳುತ್ತಾರೆ ಎಂದು.

ಭಾನುವಾರ ಔರಾದದ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಮೋಡ ಕವಿದಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಹೊಲಗಳು ಹರಗಿ ಬಿತ್ತನೆಗೆ ಸಿದ್ಧವಾಗಿದ್ದವು. ಆಕೆ ದಾರಿಯುದ್ದಕ್ಕೂ ಮಾತಾಡಿದಳು. ಕಟ್ಟೆಯ ಯಾವ ಮಗ್ಗುಲಿನಿಂದ ತುಂಡು ತೆಗೆಯಬೇಕು, ತೆಗೆದ ಜಾಗಕ್ಕೆ ಅಪ್ಪನಿಗೆ ಏನು ಕಟ್ಟಿಸಿಕೊಡಬೇಕು, ಎಷ್ಟರೊಳಗೆ ಬರೆದು ಮುಗಿಸಬೇಕು. ಬಹಳ ದಿನದ ಮೇಲೆ ನನಗೂ ಮೈ ಹಗುರಾಗಿತ್ತು. ಈ ಒಂದು ಕೆಲಸ ದಡ ಮುಟ್ಟಿದರೆ ನೆಮ್ಮದಿಯಿಂದ ನಿವೃತ್ತನಾಗಬಹುದು ಅಂದುಕೊಂಡೆ.

ಮನೆ ಊರಿನ ಅಂಚಿಗೆ, ಕುರಿದೊಡ್ಡಿಯ ಪಕ್ಕದಲ್ಲಿ. ತಂದೆ ಬಾಗಿಲಲ್ಲೇ ಕಾಯುತ್ತಿದ್ದರು. ತೊಳೆದ ಧೋತರ ಉಟ್ಟಿದ್ದರು. ಅವರ ಹಿಂದೆ ಕಟ್ಟೆ ಇತ್ತು.

ಅದು ನೀಲಿಯಾಗಿತ್ತು. ತಳದಿಂದ ತುದಿಯ ತನಕ ದಪ್ಪ ಎಣ್ಣೆಬಣ್ಣ, ಒಂದು ತೂತೂ ಕಾಣದಂತೆ.

“ಬರ್ರಿ ಸರ್, ಬರ್ರಿ,” ಎಂದರು. “ನೀವು ಬರ್ತೀರಂತ ಅಕಿ ಹೇಳಿದ್ಲು. ಕಲ್ಲು ಹೊಲಸ ಕಾಣತಿದ್ದವು. ನಿನ್ನೆ ಔರಾದಕ್ಕ ಹೋಗಿ ಡಬ್ಬಿ ತಂದು ನಾನೇ ಹಚ್ಚೀನಿ.”

ನಾನು ಆಕೆಯ ಮುಖ ನೋಡಲಿಲ್ಲ, ಧೈರ್ಯವಾಗಲಿಲ್ಲ. ಎಕಂಬಾಕ್ಕೆ ನಾನೇ ಸಮಿತಿಯಾಗಿ ಬಂದಿದ್ದೆ. ನನಗೆ ಒಮ್ಮೆಲೇ ಎಲ್ಲ ಸಾಕೆನಿಸಿತು. ಈ ಕೆಲಸ, ಈ ಮಳೆ, ನಮ್ಮ ಜನರ ಈ ಮರ್ಯಾದೆ, ಎಲ್ಲ.

ತಂದೆ ನನ್ನನ್ನೂ ಮಗಳನ್ನೂ ನೋಡಿದರು. ಏನೋ ಸರಿಯಿಲ್ಲ ಅನಿಸಿರಬೇಕು. “ಯಾಕ್ರಿ ಸರ್? ಅಕಿ ಪರೀಕ್ಷಾಕ್ಕ ಉಪಯೋಗ ಆಗ್ತದಲ್ರಿ ಇದು?” ಎಂದು ಕೇಳಿದರು.

ಆಕೆ ಮುಂದೆ ಹೋಗಿ ಕಟ್ಟೆಯ ಅಂಚನ್ನು ಕೈಯಿಂದ ಮುಟ್ಟಿದಳು. ಬೆರಳಿಗೆ ನೀಲಿ ಅಂಟಿತು.

“ಆಗ್ತದಪ್ಪಾ,” ಎಂದಳು. “ಬಣ್ಣದ ಮ್ಯಾಲೇ ಸ್ಟಡಿ ಮಾಡ್ಲಾಕತ್ತೀವಿ ಈಗ. ಭಾಳ ಛಲೋ ಹಚ್ಚೀದಿ.”

ತಾರಸಿಯಲ್ಲಿ ಸಮಿತಿಯವರೆಲ್ಲ ನಿಂತು ನೋಡುತ್ತಿದ್ದಾಗ ಆಡಲೊಲ್ಲೆ ಎಂದ ಮಾತು ಅದು. ಇಲ್ಲಿ ತಡವರಿಸದೆ ಆಡಿದಳು. ತಂದೆಯ ಮುಖ ಅರಳಿತು. ಕೂಡ್ರಿ ಎನ್ನುತ್ತ ಹೆಗಲ ಮೇಲಿನ ಕರಿಯ ಕಂಬಳಿ ತೆಗೆದು, ನಾಲ್ಕು ಮಡಿಕೆ ಮಾಡಿ, ಕಟ್ಟೆಯ ಮೇಲೆ ನನಗಾಗಿ ಹಾಸಿದರು. ಬೇಡ ಎನ್ನಲಾಗಲಿಲ್ಲ. ಕೂತೆ. ತಾಯಿ ಚಹಾ ತಂದರು. ಕುರಿ, ಮಳೆ, ಉದ್ದು ಬಿತ್ತುವುದು ಇವುಗಳ ಮಾತಾಯಿತು. ಮಗಳು ಯಾವಾಗ ಡಾಕ್ಟರ್ ಆಗುತ್ತಾಳೆ ಎಂದು ತಾಯಿ ಕೇಳಿದರು. ಇನ್ನೊಂದಿಷ್ಟು ಮಳೆಗಾಲ ಬೇಕವ್ವಾ ಎಂದು ಆಕೆಯೇ ಉತ್ತರ ಕೊಟ್ಟಳು. ಹೊಸ ನೋಂದಣಿ, ಹೊಸ ಕಲ್ಲು, ಹೊಸ ಗಾರೆ. ಅವು ಗಟ್ಟಿಯಾಗುವ ಹೊತ್ತಿಗೆ ನಾನು ಆ ತಾರಸಿಯಲ್ಲಿ ಇರುವುದಿಲ್ಲ. ಅದು ಆಕೆಗೂ ಗೊತ್ತಿತ್ತು.

ಹೊರಡಲು ಎದ್ದಾಗ ಕಂಬಳಿ ನನ್ನ ಜೊತೆ ಏಳಲಿಲ್ಲ. ಕಟ್ಟೆಯ ಹಸಿ ಬಣ್ಣಕ್ಕೆ ಅಂಟಿಕೊಂಡಿತ್ತು. ತಂದೆ ಮಗಳು ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದರು. ಬಂತು, ಜೊತೆಗೆ ಬಣ್ಣವನ್ನೂ ಕಿತ್ತುಕೊಂಡು ಬಂತು. ಕೂತಿದ್ದ ಜಾಗದಲ್ಲಿ ಅಂಗೈಯಗಲ ಕೆಂಪು ಕಲ್ಲು ತನ್ನ ತೂತುಗಳ ಸಮೇತ ಹೊರಗೆ ಕಂಡಿತು. ಆಕೆ ಅದನ್ನೇ ನೋಡುತ್ತ ನಿಂತಳು.

ಹಾಳಾದ ಕಂಬಳಿಯ ಕಡೆ ತಂದೆ ತಿರುಗಿಯೂ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡರು.

“ಚಿಂತಿ ಮಾಡಬ್ಯಾಡ್ರಿ ಸರ್,” ಎಂದರು. “ಡಬ್ಯಾಗ ಇನ್ನೂ ಅದ. ಮಳಿ ಬರೋದ್ರಾಗ ಇನ್ನೊಂದು ಸಲ ಹಚ್ತೇನಿ.”